ಕೊನೆಯ ಪುಟ ದೇವಸ್ಥಾನಕ್ಕೆ

"ಈ ಹೆಸರಿನಲ್ಲಿ ಯಾವ ಡಿವೋರ್ಸೂ ಆಗಿಲ್ಲವಲ್ಲ," ಎಂದಳು ಕೌಂಟರಿನ ಹಿಂದಿನ ಹೆಂಗಸು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ.

ವೀಟನ್‌ನ ಕೋರ್ಟು, ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆ. ನನ್ನ ಪಕ್ಕದಲ್ಲಿ ನಿಂತಿದ್ದವರು ಪ್ರಸನ್ನ. ಇನ್ನು ಐದು ವಾರಕ್ಕೆ ನಮ್ಮಿಬ್ಬರ ಮದುವೆ.

"ಗಂಡನ ಹೆಸರಲ್ಲೂ ನೋಡಿದೆ, ಡಿಯರ್. ಎರಡು ಸಾವಿರದ ಹನ್ನೆರಡರಿಂದ ಹದಿನೈದನೇ ಇಸವಿಯವರೆಗೆ ನೋಡಿದೆ. ಇಲ್ಲ."

ಪ್ರಸನ್ನ ನನ್ನ ಕಿವಿಯ ಹತ್ತಿರ ಬಾಗಿದರು. "ಹಾಗಾದ್ರೆ ನಾನೀಗ ಇನ್ನೊಬ್ಬರ ಹೆಂಡ್ತಿ ಪಕ್ಕ ನಿಂತಿದೀನಾ, ಸರಳಾ?"

ನಗಿಸಲೆಂದೇ ಹೇಳಿದ್ದು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ನನ್ನ ಮುಖ ನೋಡಿ ಅವರ ಹುಬ್ಬುಗಳು ತಾವಾಗಿಯೇ ಕ್ಷಮೆ ಕೇಳಿದವು. ಆ ಹುಬ್ಬುಗಳಿಗಾಗಿಯೇ ನಾನು ಈ ಮನುಷ್ಯನನ್ನು ಒಪ್ಪಿದ್ದು ಎಂದರೂ ತಪ್ಪಿಲ್ಲ.

ಪ್ರಸನ್ನ ಮಿಷಿಗನ್ನಿನ ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ವಿಭಾಗದ ಮೇಲ್ವಿಚಾರಕ. ಹೆಂಡತಿ ತೀರಿಕೊಂಡು ಆರು ವರ್ಷ. ನಾನು ಅಲ್ಲಿಂದ ಮುನ್ನೂರು ಮೈಲಿ ಈಚೆ, ಬೋಲಿಂಗ್‌ಬ್ರೂಕ್‌ನ ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್, ವಾಸ ಡೌನರ್ಸ್ ಗ್ರೋವ್. ಎರಡು ವರ್ಷದ ಹಿಂದೆ ಅವರ ಕಾರ್ಖಾನೆಯ ಸರಕಿನ ಒಂದು ಪ್ಯಾಲೆಟ್ ದಾರಿ ತಪ್ಪಿ ನಮ್ಮಲ್ಲಿಗೆ ಬಂತು. ಅದು ಮೂರನೇ ದಿನವೇ ವಾಪಸ್ ಹೋಯಿತು. ಫೋನು ಮಾತ್ರ ನಿಲ್ಲಲಿಲ್ಲ.

ನಾವು ಕೋರ್ಟಿಗೆ ಬರಲು ಕಾರಣ ಅವರ ಅಕ್ಕ ಲತಾಶ್ರೀ. ವಿಕ್ಸಮ್ ಪಕ್ಕದ ನೋವೈ ಕಡೆಯ ದೇವಸ್ಥಾನದ ಮದುವೆ ಸಮಿತಿಯಲ್ಲಿ ಇರುವವರು. ಎರಡನೇ ಮದುವೆಗೆ ಹಾಲ್ ಬೇಕಿದ್ದರೆ ವಿಚ್ಛೇದನದ ತೀರ್ಪಿನಲ್ಲಿ ಕೋರ್ಟಿನ ಸೀಲಿರುವ ಪುಟ ಕೊಡಬೇಕು ಎಂಬುದು ಅಲ್ಲಿನ ನಿಯಮ. ನಾನು ತರುವವರೆಗೆ ಅವರಿಗೆ ತಾಳ್ಮೆ ಎಲ್ಲಿ? ತಾವೇ ನಾನೀಗ ಇರುವ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಕೋರ್ಟಿನ ವೆಬ್‌ಸೈಟ್ ಹುಡುಕಿ, ಪ್ರಸನ್ನರೂ ಇರುವ ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಬಿಟ್ಟರು: "ಅವರ ಹೆಸರಿನಲ್ಲಿ ಡಿವೋರ್ಸೇ ಇಲ್ಲ. ಹಾಲ್ ಬುಕಿಂಗ್ ಸದ್ಯಕ್ಕೆ ತಡೆಯೋಣ."

ಈಗ ಕೌಂಟರಿನವಳೂ ಅದನ್ನೇ ಹೇಳಿದಳು. ನನ್ನ ಮೊದಲ ಗಂಡ ರಮೇಶ ನಿಜವಾಗಿ ಕೇಸು ಹಾಕಿದ್ದನೇ? ಹನ್ನೆರಡು ವರ್ಷದ ಹಿಂದೆ ಅವನ ವಕೀಲರ ಆಫೀಸಿನಲ್ಲಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದೆ. ಕೋರ್ಟಿಗೆ ನಾನು ಹೋಗುವ ಅಗತ್ಯವಿಲ್ಲ ಎಂದಿದ್ದರು. ಆಮೇಲೊಂದು ದಿನ ಫೋನಿನಲ್ಲಿ "ಮುಗೀತು" ಎಂದ. ಓದದೆ ಸಹಿ ಹಾಕಬೇಡಿ ಎಂದು ಈಗ ಗೋದಾಮಿಗೆ ಹೊಸದಾಗಿ ಸೇರುವ ಹುಡುಗಿಯರಿಗೆಲ್ಲ ಹೇಳುತ್ತೇನೆ. ನನಗೆ ಹೇಳುವವರು ಇರಲಿಲ್ಲ.

"ಆಗ ಮನೆ ಎಲ್ಲಿತ್ತು?" ಎಂದು ಕೇಳಿದಳು ಆ ಹೆಂಗಸು.

"ಬೋಲಿಂಗ್‌ಬ್ರೂಕ್."

"ಅದು ಎರಡು ಕೌಂಟಿಯಲ್ಲಿದೆ. ಮನೆ ತೆರಿಗೆಯ ಬಿಲ್ಲು ಯಾವ ಕೌಂಟಿಯಿಂದ ಬರುತ್ತಿತ್ತು?"

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ಆ ಮನೆಯಲ್ಲಿದ್ದೆ. ಅಂಚೆಪೆಟ್ಟಿಗೆಯ ಕೀಲಿ ರಮೇಶನ ಹತ್ತಿರ ಇರುತ್ತಿತ್ತು, ಕಾಗದ ಒಡೆಯುವವನೂ ಅವನೇ. ನಾನು ಯಾವ ಕೌಂಟಿಯಲ್ಲಿ ಸಂಸಾರ ಮಾಡಿದೆ ಎನ್ನುವುದೂ ನನಗೆ ತಿಳಿದಿರಲಿಲ್ಲ.

ಅದೇ ಬಡಾವಣೆಯಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಫಲಕ್‌ಗೆ ಫೋನ್ ಮಾಡಿದೆ. ಹುಬ್ಬಳ್ಳಿಯವಳು, ನನಗೆ ಕದ್ದು ಡ್ರೈವಿಂಗ್ ಕಲಿಸಿದವಳು.

"ಅಯ್ಯ, ವೀಟನ್‌ನ್ಯಾಗ ಯಾಕ ಹುಡುಕಾಕತ್ತೀಯವ್ವಾ? ನಮ್ದು ವಿಲ್ ಕೌಂಟಿ ಐತಿ! ಜ್ಯೂರಿ ಡ್ಯೂಟಿಗೆ ಜೋಲಿಯೆಟ್ ಕೋರ್ಟಿಗೆ ಹೋಗಿ ಇಡೀ ದಿನಾ ಕುಂತು ಬಂದಿದ್ದಿಲ್ಲೇನು ನಾ? ಲಗೂನ ಹೋಗ್, ಮಧ್ಯಾಹ್ನ ಗದ್ದಲಾ ಆಕ್ಕೈತಿ."

ಪಾರ್ಕಿಂಗ್ ಲಾಟಿನಲ್ಲಿ ಪ್ರಸನ್ನ ನನ್ನ ಕಾರಿನ ಬಾಗಿಲು ಹಿಡಿದು ನಿಂತರು. "ಒಂದು ಮಾತು. ದೇವಸ್ಥಾನ ಯಾಕೆ? ಸಿಟಿ ಹಾಲ್‌ಗೆ ಹೋಗಿ ರಿಜಿಸ್ಟರ್ ಮದುವೆ ಮಾಡ್ಕೊಂಡು ಹತ್ತು ನಿಮಿಷದಲ್ಲಿ ಮುಗ್ಸೋಣ. ಅಕ್ಕನ ಕಾಟಾನೇ ಬೇಡ."

"ಅಲ್ಲಿಗೂ ಇದೇ ಕಾಗದ ಬೇಕಾಗಬಹುದು."

"ಆದ್ರೂ..."

"ಕಳ್ಳರ ಹಾಗೆ ಮದುವೆ ಆಗಲ್ಲ ನಾನು. ಯಾರು ಗ್ರೂಪಲ್ಲಿ ಓದಿದ್ರೋ ಅವರೆಲ್ಲ ಬಂದು ಅಕ್ಷತೆ ಹಾಕ್ಬೇಕು. ಹತ್ತಿ."

ಹತ್ತಿದರು. ಬೆಲ್ಟ್ ಹಾಕಿಕೊಳ್ಳುವಾಗ ಓರೆಗಣ್ಣಿನಲ್ಲಿ ನೋಡಿದ್ದು ನನಗೆ ಕಾಣಲಿಲ್ಲ ಎಂದುಕೊಂಡಿದ್ದಾರೆ.

ಜೋಲಿಯೆಟ್‌ನಲ್ಲಿ ಎರಡೇ ನಿಮಿಷ. "ಇದೆ," ಎಂದ ಕ್ಲರ್ಕ್. ಪ್ರಸನ್ನ ನನ್ನ ಮೊಣಕೈಯನ್ನು ಮೆಲ್ಲಗೆ ಒತ್ತಿದರು.

"ತೀರ್ಪು ಮಾತ್ರ ಸಾಕಾ, ಪೂರ್ತಿ ಫೈಲ್ ಬೇಕಾ? ಬೇಕಿದ್ದರೆ ಆ ಕಂಪ್ಯೂಟರಿನಲ್ಲಿ ಮೊದಲು ನೋಡಿ."

ನೋಡಿದೆ. ರಮೇಶನ ಅರ್ಜಿಯ ಎರಡನೇ ಪುಟದಲ್ಲಿ, "ಪತ್ನಿಯಿಂದ ಪದೇಪದೇ ತೀವ್ರ ಮಾನಸಿಕ ಕ್ರೌರ್ಯ" ಎಂದಿತ್ತು. ಕೆಳಗೆ ಪಟ್ಟಿ. ನಾಲ್ಕನೆಯ ಸಾಲು ಓದಿ ಕಣ್ಣು ಬೇರೆಡೆ ತಿರುಗಿಸಿದೆ.

"ಇದನ್ನ ಯಾರು ಬೇಕಾದರೂ ಕೇಳಿ ತಗೋಬಹುದಾ?"

"ಪಬ್ಲಿಕ್ ರೆಕಾರ್ಡ್, ಮ್ಯಾಮ್. ಯಾರು ಬೇಕಾದರೂ."

ತೀರ್ಪು ನಾಲ್ಕು ಪುಟ. ಅಷ್ಟನ್ನೇ ತೆಗೆದುಕೊಂಡು ಹೋಗಬಹುದಿತ್ತು. ಲತಾಶ್ರೀ ಅವರಿಗೂ ಅಷ್ಟೇ ಬೇಕಿದ್ದದ್ದು. ಆದರೆ ಕೌಂಟಿ ಯಾವುದೆಂದು ಗೊತ್ತಾದ ಮೇಲೆ ಅವರು ಸುಮ್ಮನಿರುವ ಪೈಕಿಯೇ? ಮುಚ್ಚಿಟ್ಟ ಪಾತ್ರೆಯ ವಾಸನೆಯೇ ಮೊದಲು ಬೀದಿಗೆ ಹೋಗುವುದು.

"ಪೂರ್ತಿ ಕೊಡಿ," ಎಂದೆ. "ಪ್ರತಿ ಪುಟ."

ತೀರ್ಪಿನ, ಸೀಲು ಒತ್ತಿದ ಕೊನೆಯ ಪುಟದ ಮೇಲೆ ಹೆಬ್ಬೆರಳಾಡಿಸಿದೆ. ಕಾಗದ ಅಲ್ಲಿ ಉಬ್ಬಿತ್ತು. ಕಣ್ಣುಮುಚ್ಚಿದರೂ ಗೊತ್ತಾಗುವಂತೆ.

ಹೊರಗೆ ಬೆಂಚಿನ ಮೇಲೆ ಫೈಲನ್ನು ಪ್ರಸನ್ನರ ತೊಡೆಯ ಮೇಲಿಟ್ಟೆ. "ಮೊದಲು ಓದಿ. ಆಮೇಲೆ ಮದುವೆ ಮಾತು."

"ನನಗೆ ಬೇಡ. ಹಳೇದೆಲ್ಲ ಯಾಕೆ?"

"ಓದದೆ ಸಹಿ ಹಾಕಿ ನಾನು ಒಂದು ಸಲ ಕೆಟ್ಟಿದೀನಿ, ಪ್ರಸನ್ನ. ನನ್ನ ಓದದೆ ನೀವು ಸಹಿ ಹಾಕ್ಬೇಡಿ."

ಅವರು ಕನ್ನಡಕ ಹಾಕಿಕೊಂಡರು. "ಸರಿ. ಕಾರಲ್ಲಿ ಓದ್ತೀನಿ. ನೋವೈಗೆ ಈಗಲೇ ಹೋಗೋಣ ಅಂತ ನಿಮ್ಮ ಮುಖ ಹೇಳ್ತಿದೆ."

ಗ್ಯಾರಿ ಪಟ್ಟಣ ದಾಟಿದ ಮೇಲೆ ಅವರು ದನಿಯೆತ್ತಿ ಓದತೊಡಗಿದರು, ಇಂಗ್ಲಿಷಿನಿಂದ ನೇರ ನಮ್ಮ ಕಡತದ ಕನ್ನಡಕ್ಕೆ. "ಒಂದು. ಪತ್ನಿಯು ಪತಿಯ ಅನುಮತಿ ಇಲ್ಲದೆ ಡ್ರೈವಿಂಗ್ ಕಲಿತಿರುತ್ತಾಳೆ."

"ನಿಜ."

"ಎರಡು. ಪತಿಯ ವಿರೋಧವಿದ್ದರೂ ಗೋದಾಮಿನಲ್ಲಿ ಕೆಲಸಕ್ಕೆ ಸೇರಿರುತ್ತಾಳೆ."

"ನಿಜ."

"ಮೂರು. ಅತಿಥಿಗಳ ಎದುರು ಪತಿಯ ಮಾತನ್ನು ತಿದ್ದಿ ಅವಮಾನ ಮಾಡಿರುತ್ತಾಳೆ. ಏನು ತಿದ್ದಿದ್ರಿ ಮಾರಾಯ್ರೆ?"

"ಮೈಸೂರಿಂದ ಮಡಿಕೇರಿ ಮುನ್ನೂರು ಕಿಲೋಮೀಟರ್ ಅಂದ. ನೂರಿಪ್ಪತ್ತು ಅಂದೆ."

ಅವರು ನಕ್ಕ ನಗುವಿಗೆ ಪಕ್ಕದ ಟ್ರಕ್ಕಿನವನೂ ತಿರುಗಿ ನೋಡಿದ. ಆಮೇಲೆ ಪುಟ ತಿರುಗಿತು. ನಗು ನಿಂತಿತು.

ನನಗೆ ಗೊತ್ತಿತ್ತು, ನಾಲ್ಕನೆಯದು: ತನಗೆ ಮಕ್ಕಳಾಗುವುದಿಲ್ಲ ಎಂಬುದನ್ನು ಮದುವೆಗೆ ಮೊದಲೇ ತಿಳಿದೂ ಮುಚ್ಚಿಟ್ಟಿರುತ್ತಾಳೆ.

ಪಕ್ಕದ ಟ್ರಕ್ಕನ್ನು ಹಿಂದೆ ಹಾಕಿದೆ.

"ನನಗೇ ಗೊತ್ತಿರಲಿಲ್ಲ," ಎಂದೆ. "ಡಾಕ್ಟರ್ ಹೇಳಿದ್ದು ಮದುವೆಯಾಗಿ ಐದು ವರ್ಷಕ್ಕೆ."

"ಗೊತ್ತು."

"ನಿಮಗೆ ಹೇಗೆ ಗೊತ್ತು?"

"ಮುಚ್ಚಿಡೋರಾಗಿದ್ರೆ ತೀರ್ಪಿನ ನಾಲ್ಕು ಪುಟ ಮಾತ್ರ ತಗೊಂಡು ಬರ್ತಿದ್ರಿ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. "ಇನ್ನು ಒಂದನೇ ಕ್ರೌರ್ಯದ ವಿಷಯ. ನೀವು ಡ್ರೈವಿಂಗ್ ಕಲೀದೇ ಇದ್ದಿದ್ರೆ, ತಿಂಗಳಿಗೆರಡು ಸಲ ಮುನ್ನೂರು ಮೈಲಿ ಯಾರು ಬರ್ತಿದ್ರು ನನ್ನ ನೋಡೋಕೆ? ಆ ಪುಣ್ಯಾತ್ಮನಿಗೆ ಗೊತ್ತಿಲ್ಲ, ಅವನು ನನಗೋಸ್ಕರ ಶಿಫಾರಸು ಪತ್ರ ಬರ್ದಿದಾನೆ."

ನಾನು ಅಳಲಿಲ್ಲ. ಎಪ್ಪತ್ತೈದು ಮೈಲಿ ವೇಗದಲ್ಲಿ ಅಳುವುದು ಬುದ್ಧಿವಂತರ ಲಕ್ಷಣವಲ್ಲ.

ಮಿಷಿಗನ್ನಿಗೆ ಹೋಗುವಾಗ ಗಡಿಯಾರದಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ. ನೋವೈ ತಲುಪಿದಾಗ ಐದೂಮುಕ್ಕಾಲು. ಲತಾಶ್ರೀ ಬಾಗಿಲು ತೆರೆದವರೇ, "ಫೋನಾದ್ರೂ ಮಾಡಬಾರ್ದಾ ಪ್ರಸನ್ನ?" ಎಂದರು. ನನ್ನ ಕಡೆ ನೋಡಲಿಲ್ಲ.

ಊಟದ ಮೇಜಿನ ಮೇಲೆ ಫೈಲಿಟ್ಟು, ತೀರ್ಪಿನ ಕೊನೆಯ ಪುಟವನ್ನು ಬೇರೆ ತೆಗೆದೆ. "ಇದು ದೇವಸ್ಥಾನಕ್ಕೆ. ಸೀಲು ಮುಟ್ಟಿ ನೋಡಿ, ಲತಾಕ್ಕ. ಬೋಲಿಂಗ್‌ಬ್ರೂಕ್ ಎರಡು ಕೌಂಟಿಯಲ್ಲಿದೆ. ಹತ್ತು ವರ್ಷ ಅಲ್ಲಿದ್ದ ನಾನೇ ತಪ್ಪಿದೆ, ನೀವು ತಪ್ಪಿದ್ದು ದೊಡ್ಡದಲ್ಲ."

"ಮತ್ತೆ ಇದೆಲ್ಲ ಏನು?"

"ಉಳಿದದ್ದು ನಿಮಗೆ. ನನ್ನ ಬಗ್ಗೆ ಕೋರ್ಟಲ್ಲಿ ಏನೇನು ಬರ್ದಿದೆ ಅಂತ. ನಾಳೆ ಯಾರೋ ಹೇಳೋಕಿಂತ ನಾನೇ ತಂದಿದೀನಿ. ಓದಿ."

ಅವರು ನಿಂತುಕೊಂಡೇ ಓದಿದರು. ಎರಡನೇ ಪುಟದಲ್ಲಿ ನಿಧಾನವಾದರು. ಕುರ್ಚಿ ಎಳೆದು ಕುಳಿತರು. ಮುಂದಕ್ಕೆ ಓದದೆ ಫೈಲು ಮುಚ್ಚಿದರು.

"ಇಂಥದ್ದನ್ನೆಲ್ಲ ಹಿಡ್ಕೊಂಡು ಬರ್ತಾರೇನಮ್ಮಾ?" ದನಿಯಲ್ಲಿ ಮೊದಲಿನ ಧಿಮಾಕಿರಲಿಲ್ಲ.

"ಹೆಣ್ಣಿನ ಹೆಸರು ಗ್ರೂಪಲ್ಲಿ ಹಾಕಿದಾಗ ಹಿಡ್ಕೊಂಡೇ ಬರ್ಬೇಕಾಗತ್ತೆ. ಎಲ್ಲಿ ಹಾಕಿದ್ರೋ ಅಲ್ಲೇ ಹಾಕಿ. ಸೀಲು ಕಾಣೋ ಹಾಗೆ ಫೋಟೋ."

ಪ್ರಸನ್ನ ನನ್ನ ಪಕ್ಕಕ್ಕೆ ಬಂದು ನಿಂತರು. "ಹಾಕು ಅಕ್ಕ," ಎಂದರು, ಅಷ್ಟೇ.

ಉಬ್ಬುಸೀಲು ಫೋಟೋದಲ್ಲಿ ಮೂಡುತ್ತಿರಲಿಲ್ಲ. ಲತಾಶ್ರೀ ಕಾಗದವನ್ನು ದೀಪಕ್ಕೆ ಹಾಗೆ ಹಿಡಿದು, ಹೀಗೆ ಹಿಡಿದು, ನಾಲ್ಕನೆಯ ಸಲಕ್ಕೆ ಸರಿಯಾಗಿ ತೆಗೆದರು. ಒಂದೇ ಬೆರಳಿನಲ್ಲಿ ಏನೋ ಟೈಪ್ ಮಾಡಿದರು. ಪ್ರಸನ್ನರ ಫೋನ್ ಟಿಂಗ್ ಎಂದಿತು. ಅವರು ನನಗೆ ತೋರಿಸಿದರು: "ನಾನು ತಪ್ಪು ಕೌಂಟಿಯಲ್ಲಿ ನೋಡಿದ್ದೆ. ಕಾಗದ ಸರಿಯಾಗಿದೆ. ಹಾಲ್ ಬುಕ್ ಮಾಡುತ್ತಿದ್ದೇನೆ."

"ಮುಹೂರ್ತ ಹತ್ತಕ್ಕಾ, ಹನ್ನೊಂದಕ್ಕಾ?" ಎಂದರು ಲತಾಶ್ರೀ ನನ್ನನ್ನೇ ನೋಡುತ್ತ. "ಕಾಫಿ ಕುಡ್ದು ಹೇಳು."

ಹೊರಗೆ ಡ್ರೈವ್‌ವೇಯಲ್ಲಿ ಇನ್ನೂ ಬಿಸಿಲಿತ್ತು. ನಾನು ಕಾರಿನ ಕೀ ತೆಗೆದೆ. ಯಾರು ಓಡಿಸಬೇಕೆಂದು ಪ್ರಸನ್ನ ಕೇಳಲಿಲ್ಲ, ಸೀದಾ ಪಕ್ಕದ ಸೀಟಿನಲ್ಲಿ ಕುಳಿತು ಬೆಲ್ಟ್ ಹಾಕಿಕೊಂಡರು.

"ಸರಳಾ, ಎರಡು ವರ್ಷದಿಂದ ಒಂದು ಮಾತು ಹೇಳೇ ಇಲ್ಲ. ನಿಮಗೆ ಗೊತ್ತಿದೆ ಅಂತ ಸುಮ್ಮನಿದ್ದೆ."

"ಗೊತ್ತಿದ್ರೂ ಹೇಳ್ಬೇಕು."

"ನೀವಂದ್ರೆ ನನಗೆ ಪ್ರಾಣ."

"ಬಾಯಿಮಾತು ನಡೆಯಲ್ಲ," ಎಂದೆ. "ಸೀಲು ಒತ್ತಿದ ಸರ್ಟಿಫೈಡ್ ಕಾಪಿ ಬೇಕು."

ಅವರು ನನ್ನ ಬಲಗೈ ತೆಗೆದುಕೊಂಡು, ಅಂಗೈ ಬಿಡಿಸಿ, ನಡುವೆ ತುಟಿಯೊತ್ತಿದರು. ಮೀಸೆ ಚುಚ್ಚಿತು. ಆ ಬೆಚ್ಚಗಿನ ಗುರುತನ್ನು ಮುಷ್ಟಿಯಲ್ಲಿ ಮಡಚಿಟ್ಟುಕೊಂಡು, ಎಡಗೈಯಲ್ಲೇ ಸ್ಟಿಯರಿಂಗ್ ತಿರುಗಿಸಿ, ಕಾರನ್ನು ರಸ್ತೆಗಿಳಿಸಿದೆ.