ಮೂರನೇ ಕಪಾಟಿನ ಕಲ್ಲು

ಮಂಗಳವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಖನಿಜ ಸಂಗ್ರಹಾಲಯದ ನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ಮೂರನೇ ಕಪಾಟಿನ ಸೋಡಲೈಟ್ ಕಲ್ಲು ಕಳುವಾಗಿದೆ, ಅದರ ಜಾಗದಲ್ಲಿ ಅದೇ ಜಾತಿಯ ಬೇರೆ ಕಲ್ಲಿದೆ. ಹೇಗೆ ಗೊತ್ತಾಯಿತು ಎಂದು ಇನ್ಸ್‌ಪೆಕ್ಟರ್ ಮೇಡಂ ಕೇಳಿದರು. ಅಸಲಿ ಕಲ್ಲು ನೇರಳಾತೀತ ದೀಪದಡಿ ನೇರಳೆಯಾಗುತ್ತದೆ, ಕತ್ತಲಲ್ಲಿಟ್ಟರೆ ಹಾಗೇ ಉಳಿಯುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಬೂದು ಬಣ್ಣಕ್ಕೆ ಬರುತ್ತದೆ. ನಿನ್ನೆ ಅತಿಥಿಗಳೆದುರು ಎಷ್ಟು ಹೊತ್ತು ದೀಪ ಹಿಡಿದರೂ ಬಣ್ಣ ಬರದೆ ಮಾನ ಹೋಯಿತು ಎಂದರು. ಕಲ್ಲಿನೊಳಗೆ ಕೆಲವು ಕ್ಲೋರಿನ್ ಪರಮಾಣುಗಳ ಜಾಗದಲ್ಲಿ ಗಂಧಕ ಕೂತಿರುವುದೇ ಇದಕ್ಕೆ ಕಾರಣ, ಅದನ್ನು ಪತ್ತೆ ಹಚ್ಚಿದ್ದು ತಾವೇ ಎಂದೂ ಸೇರಿಸಿದರು. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಕಪಾಟಿನ ಬೀಗ ಒಡೆದಿರಲಿಲ್ಲ. ಕಲ್ಲಿನ ಮುಂದಿನ ವಿವರದ ಚೀಟಿಯ ಮೇಲೆ, ಗಂಧಕ ಪತ್ತೆ ಹಚ್ಚಿದವರೆಂದು, ನಿರ್ದೇಶಕರ ಹೆಸರಿತ್ತು. ಹೆಡ್ ಕಾನ್‌ಸ್ಟೇಬಲ್‌ಗೆ ಏನು ಸಿಕ್ಕರೂ ಮಗುಚಿ ನೋಡುವ ಚಟ; ಹೋಟೆಲಿನ ತಟ್ಟೆಯನ್ನೂ ಬಿಡುವವನಲ್ಲ. ಬದಲಿ ಕಲ್ಲಿನ ಅಡಿಯಲ್ಲಿ ಸಣ್ಣಗೆ ೬೧೫ ಎಂದು ಬರೆದಿತ್ತು. ಉಗ್ರಾಣದ ರಿಜಿಸ್ಟರಿನಲ್ಲಿ ಆ ಸಂಖ್ಯೆಯ ಮುಂದೆ ದುಂಡನೆಯ ಅಕ್ಷರ: ‘ಮೂರನೇ ಕಪಾಟಿಗೆ ವರ್ಗ.’ ತಾರೀಖು, ವೇಳೆ, ಸಹಿ ಎಲ್ಲವೂ ಇದ್ದವು. ತಿಂಗಳ ಕೊನೆಗೆ ನಿವೃತ್ತಿಯಾಗಲಿದ್ದ ಪ್ರಯೋಗಾಲಯ ಸಹಾಯಕಿಯ ಸಹಿ.

ಎರಡು ಗಂಟೆಗೆ ಅವರ ಮನೆ ತಲುಪಿದಾಗ ಬಾಗಿಲು ತೆಗೆದದ್ದು ತಂಗಿ. ಸಹಾಯಕಿ ಏನನ್ನೂ ಮುಚ್ಚಿಡಲಿಲ್ಲ. ಬೀರುವಿನಿಂದ ಕಪ್ಪು ಬಟ್ಟೆಯ ಗಂಟು ತಂದು ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಚ್ಚಿದರು. ‘ನೇರಳೆ ಬಣ್ಣದ ಕಲ್ಲು ಒಂದು’ ಎಂದು ಹೆಡ್ ಬರೆದುಕೊಂಡ. ಪಂಚ ಸಾಕ್ಷಿಯಾಗಿ ಬಂದ ಪಕ್ಕದ ಮನೆಯ ದರ್ಜಿ ಸಹಿ ಹಾಕುವಷ್ಟರಲ್ಲಿ ಬಿಸಿಲಿಗೆ ಕಲ್ಲು ಬೂದಾಗಿತ್ತು. ಆತ ಪೆನ್ನು ಕೆಳಗಿಟ್ಟುಬಿಟ್ಟ.

“ಬೆಳಕಿಗೆ ಬಣ್ಣ ಬಿಡುತ್ತೆ ಅಂತಾನೂ ಬರ್ಕೊಳ್ಳಿ,” ಎಂದರು ಸಹಾಯಕಿ.

“ಕದಿಯೋರು ರಿಜಿಸ್ಟರಲ್ಲಿ ಬರೆದಿಡ್ತಾರೇನಮ್ಮಾ?” ಇನ್ಸ್‌ಪೆಕ್ಟರ್ ಕೇಳಿದರು.

“ಬರೀದೆ ಕಲ್ಲು ಎತ್ತಿ ಅಭ್ಯಾಸ ಇಲ್ಲ, ಮೇಡಂ.”

“ಮತ್ತೆ ಇದನ್ನ ತಂದಿದ್ದು ಬರೆದಿಲ್ಲ?”

“ಅದನ್ನ ಯಾವ ಕಾಲಮ್ಮಲ್ಲಿ ಬರೀಬೇಕು ಅಂತ ಗೊತ್ತಾಗಲಿಲ್ಲ.”

ಉಳಿದದ್ದನ್ನು ಸಹಾಯಕಿ ತಮ್ಮ ಹಳೆಯ ನೋಟ್‌ಬುಕ್ ತೆರೆದಿಟ್ಟು ಹೇಳಿದರು. ಹನ್ನೆರಡು ವರ್ಷದ ಹಿಂದೆ ಆ ಕಲ್ಲಿನ ಪುಡಿಯಲ್ಲಿ ಗಂಧಕ ಕಂಡವರು ಇವರು. ನಿರ್ದೇಶಕರು ಓದಿ ಕೊಡುತ್ತೇನೆಂದು ಈ ನೋಟ್‌ಬುಕ್ ಒಯ್ದು, ಹಿಂದಿರುಗಿಸುವ ಮೊದಲೇ ತಮ್ಮ ಹೆಸರಲ್ಲಿ ಲೇಖನ ಅಚ್ಚು ಹಾಕಿಸಿದರು. ನಿವೃತ್ತಿಗೆ ಮೊದಲು ಚೀಟಿಯಲ್ಲಿ ತನ್ನ ಹೆಸರೂ ಇರಲಿ ಎಂದು ಸಹಾಯಕಿ ಕಳೆದ ವಾರ ಕೇಳಿಕೊಂಡಿದ್ದರು. ಸಹಾಯಕರ ಹೆಸರೆಲ್ಲ ಹಾಕಿದರೆ ಕಲ್ಲಿಗೆ ಜಾಗವೆಲ್ಲಿ ಎಂದು ನಿರ್ದೇಶಕರು ನಕ್ಕಿದ್ದರಂತೆ.

ಅಕ್ಕನ ಪಿಂಚಣಿಗೆ ತೊಂದರೆಯಾಗುತ್ತದೆಯೇ ಎಂದು ತಂಗಿ ಮೆಲ್ಲಗೆ ಕೇಳಿದಳು. ದೂರು ದೂರೇ ಎಂದರು ಇನ್ಸ್‌ಪೆಕ್ಟರ್. ಆದರೆ ಕೋರ್ಟಿನ ಕಣ್ಣಿಗೂ ಬೀಳಲೆಂದು ನೋಟ್‌ಬುಕ್ಕನ್ನೂ ಜಪ್ತಿ ಪಟ್ಟಿಗೆ ಸೇರಿಸಲು ಹೆಡ್‌ಗೆ ಹೇಳಿದರು. ತಮ್ಮಿಂದಾದದ್ದು ಅಷ್ಟೇ.

ಸಂಜೆ ನಾಲ್ಕು ನಲವತ್ತಕ್ಕೆ ಠಾಣೆಯಲ್ಲಿ ದಸ್ತಗಿರಿ ಪತ್ರ ತಯಾರಾಯಿತು. ಸಹಾಯಕಿ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

“ಈ ಕಲ್ಲು, ನನ್ನ ಹೆಸರು ಎರಡೂ ಒಂದೇ ಕಾಗದದಲ್ಲಿ ಬಂದಿದ್ದು ಇದೇ ಮೊದಲು, ಮೇಡಂ,” ಎಂದರು.

ಸಹಿ ಮಾಡಿ, ಯಾರೂ ಕೇಳದಿದ್ದರೂ ಅದರ ಕೆಳಗೆ ತಾರೀಖು, ವೇಳೆ ಹಾಕಿದರು.