ಉಪ್ಪಿನ ಹಳದಿ

“ಅಲ್ಲೋಗಿ ನೆಕ್ಕಿ ನೋಡಿದ್ರಾ?” ಎಂದ ಮೂರ್ತಿ. ಏಳನೇ ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ಬೋರ್ಡಿನ ಮುಂದೆ ನಿಂತಿದ್ದ ಅನುವಿನ ಕಿವಿ ಬಿಸಿಯಾಯಿತು. ಹೊಗೆಸೊಪ್ಪು ಮಾರಲು ಹುಣಸೂರಿಗೆ ಹೋಗಿದ್ದ ಅಪ್ಪ ತಂದ ಪೇಪರಿನಲ್ಲಿ ಇದ್ದದ್ದನ್ನೇ ಅವಳು ಹೇಳಿದ್ದಳು. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹದ ಗಾಳಿಯಲ್ಲಿ ಸೋಡಿಯಂ ಇದೆ, ಬಾಹ್ಯಾಕಾಶದಲ್ಲಿರುವ ಹಬಲ್ ಟೆಲಿಸ್ಕೋಪ್ ಅದನ್ನು ಕಂಡುಹಿಡಿದಿದೆ ಎಂದು. ನಮ್ಮ ಉಪ್ಪಿನಲ್ಲೂ ಸೋಡಿಯಂ ಇದೆ ಎಂದು ಸೇರಿಸಿದ್ದೇ ತಪ್ಪಾಯಿತು.

“ಗ್ರಹ ನಕ್ಷತ್ರದ ಮುಂದೆ ಬಂದಾಗ ಬೆಳಕಲ್ಲಿ ಒಂಚೂರು ಹಳದಿ ಕಮ್ಮಿ ಆಯ್ತಂತೆ ಮಿಸ್. ಅದ್ರಿಂದ ಗೊತ್ತಾಯ್ತಂತೆ.”

“ಹಳದಿ ಕಮ್ಮಿಯಾದ್ರೆ ಸೋಡಿಯಮ್ಮೇ ಅಂತ ಹೇಗೆ?” ಎಂದು ಶಿವರುದ್ರಮ್ಮ ಮಿಸ್ ಕೇಳಿದರು. “ನಾಳೆ ತೋರಿಸು. ಹುಣಸೂರಿನ ಸೈನ್ಸ್ ಎಗ್ಸಿಬಿಷನ್‌ಗೆ ನೀನೇ ಹೋಗುವಿಯಂತೆ. ಇಲ್ಲಾಂದ್ರೆ ಮೂರ್ತಿ ಹೋಗ್ತಾನೆ.”

ಸಂಜೆ ಅನು ಟೀಯನ್ನೂ ಮುಟ್ಟಲಿಲ್ಲ, ಕಡ್ಲೆಪುರಿಯನ್ನೂ ಮುಟ್ಟಲಿಲ್ಲ.

“ಯಾರ ಕಣ್ಣು ಬಿತ್ತೋ ಕಾಣೆ. ಕೂತ್ಕೊ ಮಗ, ದಿಷ್ಟಿ ತಗೀತೀನಿ,” ಎಂದಳು ಅಜ್ಜಿ ಮಾಯಮ್ಮ. ಕಲ್ಲುಪ್ಪನ್ನು ಮೂರು ಸಲ ನಿವಾಳಿಸಿದಳು. ಸೌದೆ ಒಲೆ ಆರಿತ್ತು. ಗೋಬರ್ ಗ್ಯಾಸ್ ಒಲೆಗೇ ಹಾಕಿಬಿಟ್ಟಳು.

“ಒಲೆ ತೂತು ಕಟ್ಕೊತದೆ ಕಣತ್ತೆ,” ಎಂದಳು ಅಮ್ಮ.

“ಬುಡು ಕಣವ್ವ. ಯಾವ ಬೆಂಕಿಯಾದ್ರೇನು?”

ಉಪ್ಪು ಚಟಪಟ ಸಿಡಿಯಿತು. ನೀಲಿ ಉರಿ ಹಳದಿಯಾಯಿತು.

ಅನು ಧಡಕ್ಕನೆ ಎದ್ದಳು. “ಅಜ್ಜಿ, ಇನ್ನೊಂದ್ ಸಲ ಹಾಕು.”

“ಅಷ್ಟೊಂದು ಕಣ್ಣು ಬಿದ್ದವಾ?”

ಮತ್ತೆ ಅದೇ ಹಳದಿ. ಅನು ಅಡಿಗೆ ಸೋಡದ ಡಬ್ಬಿಗೆ ಕೈಹಾಕಿದಳು. ಸೋಡದಲ್ಲೂ ಸೋಡಿಯಂ ಇದೆ, ಪಾಠದಲ್ಲಿ ಓದಿದ್ದಳು. ಒಂದು ಚಿಟಿಕೆ ಉದುರಿಸಿದಳು. ಅದೇ ಹಳದಿ! ಅಮ್ಮ ಬೈದದ್ದು ಕೇಳಿಸಲೇ ಇಲ್ಲ.

ಮರುದಿನ ಕ್ಲಾಸಿನಲ್ಲಿ ಸ್ಪಿರಿಟ್ ಲ್ಯಾಂಪಿನ ಉರಿಗೆ ಮೂರ್ತಿಯ ಕೈಯಲ್ಲೇ ಉಪ್ಪು ಹಾಕಿಸಿದಳು, ಆಮೇಲೆ ಸೋಡ. ಎರಡಕ್ಕೂ ಉರಿ ಹಳದಿಯಾಯಿತು.

“ಇದು ಸೋಡಿಯಂ ಬಣ್ಣ. ನಕ್ಷತ್ರದ ಬೆಳಕಲ್ಲಿ ಕಮ್ಮಿಯಾಗಿದ್ದೂ ಇದೇ ಹಳದಿ ಕಣೋ. ನೆಕ್ಕೋದು ಬೇಡ, ನೋಡಿದ್ರೆ ಸಾಕು.”

“ಬೆಂಕಿಯಲ್ಲಿ ಈ ಬಣ್ಣ ಕೊಡೋದೂ ಸೋಡಿಯಮ್ಮೇ, ಹಾದುಹೋಗೋ ಬೆಳಕಿಂದ ನುಂಗೋದೂ ಅದೇ,” ಎಂದು ಮಿಸ್ ಅನುವಿನ ಹೆಸರು ಬರೆದುಕೊಂಡರು. ಮೂರ್ತಿ ಇನ್ನೊಂದು ಚಿಟಿಕೆ ಉಪ್ಪು ಕೇಳಿದ.

ಅನು ಮನೆಗೆ ಓಡಿಬಂದಳು. “ಅಜ್ಜಿ, ಎಗ್ಸಿಬಿಷನ್‌ಗೆ ನಾನೇ ಹೋಗೋದು.”

“ನೋಡ್ದಾ? ದಿಷ್ಟಿ ತೆಗೆದದ್ದಕ್ಕೇ ಸರಿಹೋಯ್ತು.”

ದಿಷ್ಟಿಯಲ್ಲ, ಸೋಡಿಯಂ ಎನ್ನಲು ಅನು ಬಾಯಿ ತೆರೆದಳು. ಸಾರಿಗೆ ಉಪ್ಪು ಹಾಕಿ ಬಂದ ಅಜ್ಜಿಯ ಅಂಗೈಗೆ ಒಂದೆರಡು ಹರಳು ಅಂಟಿಕೊಂಡಿತ್ತು.

“ಹೂಂ ಅಜ್ಜಿ,” ಎಂದು ಕಡ್ಲೆಪುರಿಯ ತಟ್ಟೆ ಎಳೆದುಕೊಂಡಳು.