ಚೌಕಟ್ಟಿನ ಮೊಳೆ

"ಬೇಕಾದ್ದು ಮಾಡ್ರಿ ಸಾಹೇಬ್ರ, ಬಾಗಲದ ಆ ಮೊಳಿ ಒಂದು ಮುಟ್ಟಬ್ಯಾಡ್ರಿ," ಎಂದಳು ಮುದುಕಿ ಕೆಂಚವ್ವ, ರೊಟ್ಟಿಯ ಗಂಟನ್ನು ಕಟ್ಟೆಯ ಮೇಲಿಡುತ್ತ.

ಉದಯಕುಮಾರ ನಕ್ಕ. ಹಳಿಯಾಳದ ಕಾಡಂಚಿನ ಈ ಮಿಲಿಟರಿ ಕಟ್ಟಡದಲ್ಲಿ ಒಂದು ಕಾಲಕ್ಕೆ ರಾಕೆಟ್ ಉರಿಸಿ ನೋಡುತ್ತಿದ್ದರು. ಅದನ್ನು ಬೀಳದಂತೆ ಉಳಿಸಲು ಮೈಸೂರಿನಿಂದ ಬಂದ ಎಂಜಿನಿಯರ್ ಅವನು. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮರವನ್ನೇ ಸೀಳುತ್ತದೆ; ಹಳೆಯ ಬಾಗಿಲಲ್ಲಿ ಮೊದಲು ಕೀಳಬೇಕಾದ್ದೇ ಮೊಳೆ. ಅದಕ್ಕೆ ಸುತ್ತಿದ ಕರಿದಾರಕ್ಕೆ, ಕೂದಲಿಗೆ ಹೆದರುತ್ತ ಕೂತರೆ ಕೆಲಸ ಕೆಟ್ಟಂತೆಯೇ.

"ಯಾರು ಹೊಡೆದದ್ದು ಅಜ್ಜಿ?"

"ಅರವತ್ತು ವರ್ಷದ ಹಿಂದ ನನ್ನ ಗಂಡ ಪರಸಪ್ಪ ಇಲ್ಲೇ ಕೂಲಿ ಇದ್ದ. ಒಳಗ ಬೆಂಕಿ ಹತ್ತಿತು. ಬಾಗಲಾ ತಗೀರಿ ಅಂತ ಒದರಿದ. ಹೊರಗಿದ್ದವ್ರು ಕೇಳಿಸ್ಕೊಂಡೂ ತಗೀಲಿಲ್ಲ. ಒಳಗ ಸುಟ್ಟು ಸತ್ತ. ಇಲ್ಲಿ ಕಾಲಿಟ್ಟವ್ರ ದನಿ ಯಾರಿಗೂ ಕೇಳಬಾರ್ದು ಅಂತ ನಮ್ಮತ್ತಿ ಮಾಟ ಮಾಡ್ಸಿದ್ಲು. ಅದು ಊರ ಮ್ಯಾಲೇ ತಿರುಗಿತು. ಹಿರ್ಯಾರು ಮೊಳಿ ಹೊಡಿಸಿ ಒಳಗ ಕಟ್ಟಿ ಹಾಕಿದ್ರು."

"ಅರವತ್ತು ವರ್ಷಕ್ಕೆ ಮಾಟಕ್ಕೂ ತುಕ್ಕು ಹಿಡಿದಿರುತ್ತೆ ಬಿಡಿ."

ಅವಳು ನಗಲಿಲ್ಲ. ಸೌದೆ ಆರಿಸಲು ಹೋದಳು.

ಇಲ್ಲಿಗೆ ಬಂದು ಮೂರು ತಿಂಗಳು. ಒಂಟಿತನ ಅವನನ್ನು ಹಿಂಡಿ ಹಾಕಿತ್ತು. ಹೆಂಡತಿ ಬೇರೆಯಾಗಿದ್ದಳು. ಐದು ವರ್ಷದ ಮಗಳು ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು. ಓದಲು ಬಾರದ ಆ ಮಗುವಿಗೆ ಅಪ್ಪ ಎಂದರೆ ಬರೀ ಒಂದು ದನಿ. ಸಿಗ್ನಲ್ ಸಿಗದೆ ಎರಡು ವಾರ ಮಾತು ತಪ್ಪಿತ್ತು. ಇನ್ನೊಮ್ಮೆ ತಪ್ಪಿದರೆ ಮಗುವನ್ನು ಕಾಯಿಸುವುದಿಲ್ಲ, ಫೋನೇ ಬೇಡ ಎಂದಿದ್ದಳು ಹೆಂಡತಿ. ಇವತ್ತು ಭಾನುವಾರ.

ಇಕ್ಕಳ ಹಾಕಿ ಎಳೆದ. ಮೊಳೆ ನರಳುತ್ತ ಹೊರಬಂತು. ಯಾವ ಜಾಗದ್ದೆಂದು ಚೀಟಿ ಕಟ್ಟಿ ಅದನ್ನು ಕಟ್ಟೆಯ ಮೇಲಿಟ್ಟು, ಚೌಕಟ್ಟಿನ ಹಿಂಬದಿ ನೋಡಲು ಒಳಗೆ ಹೋದ. ಸುಟ್ಟ ಮದ್ದಿನ ನಾತ. ಕೂದಲು ಕರಕಾದ ನಾತ. ನಡುಮಧ್ಯಾಹ್ನದ ಬಿಸಿಲು ಹೊಸ್ತಿಲಲ್ಲೇ ನಿಂತುಬಿಟ್ಟಿತ್ತು.

ಬಾಗಿಲು ಮುಚ್ಚಿಕೊಂಡಿತು.

ತಳ್ಳಿದ. ಒದ್ದ. ಕೂಗಿದ. ಗೋಡೆಯ ಕಿಂಡಿಯಲ್ಲಿ ಕೆಂಚವ್ವ ಕಂಡಳು, ಹತ್ತೇ ಹೆಜ್ಜೆ ಆಚೆ. ತಿರುಗಿ ನೋಡಲಿಲ್ಲ. ಅವನ ಕಿವಿಯ ಪಕ್ಕದಲ್ಲೇ ಇನ್ನೊಬ್ಬ ಕೂಗಿದ. "ಬಾಗಲಾ ತಗೀರಿ..."

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಅಪ್ಪಾ? ಅಪ್ಪಾ, ಮಾತಾಡು."

"ಪುಟ್ಟಿ, ಇಲ್ಲೇ ಇದ್ದೀನಿ!"

"ಅಮ್ಮ, ಅಪ್ಪ ಮಾತೇ ಆಡ್ತಿಲ್ಲ."

ಫೋನ್ ಕಟ್ಟಾಯಿತು. ಹೊಗೆ. ಉಸಿರಿಲ್ಲ. ಬೆನ್ನ ಮೇಲೆ ಬಿಸಿ ಕೈ.

ಅಷ್ಟರಲ್ಲಿ ಕೆಂಚವ್ವನ ಕಣ್ಣು ಕಟ್ಟೆಯ ಮೇಲಿನ ಮೊಳೆಗೆ ಬಿತ್ತು. ಓಡಿಬಂದು ಬಾಗಿಲಿಗೆ ಮೈ ಕೊಟ್ಟಳು, ಅವನ ಅಂಗಿ ಹಿಡಿದು ಹೊರಗೆಳೆದಳು. ಕಲ್ಲು ತೆಗೆದುಕೊಂಡು ಹಳೆಯ ತೂತಿಗೇ ಮೊಳೆ ಜಡಿದಳು.

ಜೀವ ಉಳಿಯಿತು. ಕೈಮುಗಿದು ಏನೋ ಹೇಳಹೋದ. ತುಟಿ ಅಲುಗಿತು, ದನಿ ಹೊರಡಲಿಲ್ಲ. ಕೆಂಚವ್ವ ಅವನ ಬಾಯನ್ನೇ ನೋಡುತ್ತ ಮೆಲ್ಲಗೆ ಕೂತುಬಿಟ್ಟಳು.

ಆಗ ಅವನಿಗೆ ಕೇಳಿಸಿತು. ಕಿಂಡಿಯೊಳಗೆ ಈಗ ಎರಡು ದನಿ. ಒಂದು ಪರಸಪ್ಪನದು. ಇನ್ನೊಂದು ಅವನದೇ.

ಫೋನ್ ಮತ್ತೆ ಬಂತು. ಓಡಿಹೋಗಿ ಅದನ್ನು ಕಿಂಡಿಗೆ ಒತ್ತಿ ಹಿಡಿದ. ಒಳಗೆ ಅವನ ದನಿ ಗಂಟಲು ಹರಿಯುವಂತೆ ಕರೆಯುತ್ತಿತ್ತು, "ಪುಟ್ಟಿ, ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ..."

"ಅಮ್ಮ," ಎಂದಿತು ಮಗು, "ಇಡು ಫೋನು. ಅಲ್ಲಿ ಯಾರೂ ಇಲ್ಲ."